ಚೈನಾಟೌನ್ ಸುತ್ತೋಕೆ ಹೊರಟೋರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಾಪುರ, ಬ್ಯಾಂಕಾಕ್ ಟೂರ್ ಬುಕ್ ಮಾಡಿದೋರು, ಮಗನ ಮನೆಗೆ ಅಂತ ಅಮೆರಿಕಕ್ಕೆ ಹೊರಟಿರೋ ಅಪ್ಪ ಅಮ್ಮಂದಿರು, ಆಫೀಸ್ ಕೆಲಸಕ್ಕೆ ಹೋಗಿ ಒಂದು ವೀಕೆಂಡ್ ಖಾಲಿ ಸಿಕ್ಕಿದೋರು, ಇವರೆಲ್ಲ ಫೋನಲ್ಲಿ, ಮೆಸೇಜಲ್ಲಿ, ಮದುವೆ ಮನೇಲಿ ಸಿಕ್ಕಾಗ ಕೇಳಿರೋ ಪ್ರಶ್ನೆಗಳಿವು. ಅವರು ಕೇಳಿದ ಮಾತಲ್ಲೇ ಹಾಕಿದೀನಿ. ಸುಲಭದ್ದು ಮೊದಲು, ಸ್ವಲ್ಪ ಆಳದ್ದು ಆಮೇಲೆ. ಯಾವ ಉತ್ತರ ಬೇಕೋ ಅದನ್ನಷ್ಟೇ ಓದ್ಕೊಂಡ್ರೂ ಸಾಕು.

## ಮೊದಲ ಸಲ ಹೋಗೋರಿಗೆ

ಚೈನಾಟೌನ್ ಅಂದ್ರೆ ಚೀಪಾಗಿ ಸಾಮಾನು ಸಿಗೋ ಮಾರ್ಕೆಟ್ ತಾನೆ, ಅಲ್ಲಿ ನೋಡೋಕೇನಿದೆ?

ಮಾರ್ಕೆಟ್ ಇರುತ್ತೆ, ಆದ್ರೆ ಅದಕ್ಕಿಂತ ಮೊದಲು ಅದು ಚೀನೀ ಮೂಲದ ಜನ ಬದುಕ್ತಿರೋ ಏರಿಯಾ. ಸ್ಯಾನ್ ಫ್ರಾನ್ಸಿಸ್ಕೋದೇ ತಗೊಳ್ಳಿ. ಡ್ರ್ಯಾಗನ್ ಗೇಟ್ ದಾಟಿ ಗ್ರಾಂಟ್ ಅವೆನ್ಯೂಲಿ ನಡೆದ್ರೆ ಕೀಚೈನು, ರೇಷ್ಮೆ ಪರ್ಸು, ಕೆಂಪು ಲಾಟೀನು, ಟೂರಿಸ್ಟ್‌ಗಳ ಜಾತ್ರೆ. ಅಲ್ಲಿಂದ ಒಂದೇ ಒಂದು ರಸ್ತೆ ಮೇಲಕ್ಕೆ ಹತ್ತಿ ಸ್ಟಾಕ್‌ಟನ್ ಸ್ಟ್ರೀಟಿಗೆ ಬನ್ನಿ, ಲೋಕವೇ ಬೇರೆ. ಅಜ್ಜಿಯರು ತೋಳಿಗೆ ಪಿಂಕ್ ಪ್ಲಾಸ್ಟಿಕ್ ಕವರ್ ಸಿಕ್ಕಿಸ್ಕೊಂಡು ಸೊಪ್ಪಿನ ಬುಡ ತಿರುಗಿಸಿ ನೋಡಿ, ಬಾಡಿದ ಎಲೆ ಕಿತ್ತು ಪಕ್ಕಕ್ಕೆ ಹಾಕಿ, ಆಮೇಲೆ ತೂಕಕ್ಕೆ ಕೊಡ್ತಾರೆ, ಅಂಗಡಿಯವನು ಕ್ಯಾಂಟೊನೀಸಲ್ಲಿ ಏನೋ ಗೊಣಗ್ತಾನೆ, ಅವರೂ ಬಿಡಲ್ಲ. ಗೇಟ್ ಮುಂದೆ ಸೆಲ್ಫಿ ತಗೊಂಡು ಒಂದೇ ರಸ್ತೆ ನಡೆದು ವಾಪಸ್ ಹೋಗೋರಿಗೆ ಇದು ಕಾಣೋದೇ ಇಲ್ಲ, ನನಗೆ ಬೇಜಾರಾಗೋದು ಅದಕ್ಕೇ. ಯಾವ ಊರಿನ ಚೈನಾಟೌನೇ ಆಗ್ಲಿ, ಮೇನ್ ರೋಡ್ ನೋಡಿದ್ಮೇಲೆ ಅದರ ಪಕ್ಕದ ರಸ್ತೆಗೆ ಕಾಲಿಡಿ.

ಪ್ರಪಂಚದಲ್ಲೇ ಎಲ್ಲಕ್ಕಿಂತ ಹಳೇ ಚೈನಾಟೌನ್ ಯಾವ್ದು?

ಫಿಲಿಪೀನ್ಸ್‌ನ ಮನಿಲಾದಲ್ಲಿರೋ ಬಿನೋಂಡೋ. 1594ರಲ್ಲಿ ಸ್ಪೇನಿನ ಗವರ್ನರ್ ಲೂಯಿಸ್ ಪೆರೆಸ್ ದಸ್ಮರಿನ್ಯಾಸ್, ಕ್ಯಾಥೊಲಿಕ್ ಆಗಿದ್ದ ಚೀನೀಯರಿಗೆ ಅಂತ ಪಾಸಿಗ್ ನದಿ ಆಚೆ ಕಡೆ ಜಾಗ ಕೊಟ್ಟ. ಸ್ಪ್ಯಾನಿಷ್‌ನೋರ ಕೋಟೆ ಇದ್ದಿದ್ದು ನದಿ ಈಚೆ ದಡದ ಇಂಟ್ರಾಮುರೋಸ್‌ನಲ್ಲಿ, ವ್ಯಾಪಾರಕ್ಕೆ ಚೀನೀಯರು ಬೇಕು, ಆದ್ರೆ ಕೋಟೆ ಒಳಗೆ ಬೇಡ. ಫಿಲಿಪೀನ್ಸ್‌ನ ಮೊದಲ ಸಂತ ಲೊರೆಂಜೊ ರುಯಿಜ್ ಇದೇ ಏರಿಯಾದೋರು, ಅಪ್ಪ ಚೀನೀಯ. ಆಂಗ್ಪಿನ್ ಸ್ಟ್ರೀಟಲ್ಲಿ ಒಂದು ಕಡೆ ರಸ್ತೆ ಪಕ್ಕ ಗೋಡೆಯಲ್ಲೇ ಶಿಲುಬೆ ಇದೆ, ಜನ ಅದರ ಮುಂದೆ ನಿಂತು ಊದುಬತ್ತಿ ಹಚ್ಚಿ ಕೈಮುಗೀತಾರೆ. ನಾನೂರು ವರ್ಷದ ಚರಿತ್ರೆ ಒಂದೇ ನೋಟಕ್ಕೆ ಸಿಗೋ ಜಾಗ ಅದು, ಮನಿಲಾಕ್ಕೆ ಹೋದ್ರೆ ತಪ್ಪಿಸ್ಕೋಬೇಡಿ.

ಬೆಳಗ್ಗೆ ಹೋಗ್ಬೇಕಾ ರಾತ್ರಿ ಹೋಗ್ಬೇಕಾ, ಎಷ್ಟು ಹೊತ್ತು ಇಟ್ಕೋಬೇಕು?

ಅರ್ಧ ದಿನ ಇಟ್ಕೊಳ್ಳಿ. ಬೆಳಗ್ಗೆ ಹೋದ್ರೆ ಊರು ಕಾಣುತ್ತೆ, ರಾತ್ರಿ ಹೋದ್ರೆ ಲೈಟು ಕಾಣುತ್ತೆ. ಪಾರ್ಕಲ್ಲಿ ತಾಯ್ ಚಿ ವ್ಯಾಯಾಮ ಮಾಡೋ ಹಿರಿಯರು, ಬೇಕರಿಯಿಂದ ಬಿಸಿ ಬನ್ನು, ತರಕಾರಿ ಇಳಿಸೋ ಲಾರಿ, ಇದೆಲ್ಲ ಹತ್ತು ಗಂಟೆ ಒಳಗಿನ ವಿಷಯ. ಬ್ಯಾಂಕಾಕ್ ಮಾತ್ರ ಬೇರೆ, ಅಲ್ಲಿ ಚೈನಾಟೌನಿನ ಮೇನ್ ರೋಡ್ ಯಾವೊರಾತ್ ಕತ್ತಲಾದ್ಮೇಲೇ ಕಣ್ಣು ಬಿಡೋದು.

ಚೈನೀಸ್ ನ್ಯೂ ಇಯರ್ ಟೈಮಲ್ಲೇ ಹೋಗ್ಬೇಕು ಅಂತಾರಲ್ಲ, ಯಾವಾಗ ಬರುತ್ತೆ ಅದು?

ನಮ್ಮ ಯುಗಾದಿ ತರ ಅದೂ ಚಂದ್ರನ ಲೆಕ್ಕ, ಅಮಾವಾಸ್ಯೆಗೆ ಶುರು. ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಬಂದೇ ಬರುತ್ತೆ. 2026ಕ್ಕೆ ಫೆಬ್ರವರಿ 17, 2027ಕ್ಕೆ ಫೆಬ್ರವರಿ 6. ಸಿಂಹ ಕುಣಿತ, ಪಟಾಕಿ, ಮೆರವಣಿಗೆ ನೋಡೋ ಆಸೆ ಇದ್ರೆ ಆಗ ಹೋಗಿ, ಸಿಂಗಾಪುರದಂಥ ಕಡೆ ಹಬ್ಬದ ಹಿಂದಿನ ಎರಡು ಮೂರು ವಾರದ ರಾತ್ರಿ ಸಂತೆ ತುಂಬಾ ಚೆನ್ನಾಗಿರುತ್ತೆ. ಆದ್ರೆ ಒಂದು ಗೊತ್ತಿರಲಿ, ಹಬ್ಬದ ಮೊದಲ ಎರಡು ದಿನ ಮನೆಯೋರೇ ನಡೆಸೋ ಸಣ್ಣ ಅಂಗಡಿ ಹೋಟೆಲ್ ಎಷ್ಟೋ ಮುಚ್ಚಿರ್ತವೆ, ಅವರಿಗೂ ಹಬ್ಬ ಅಲ್ವಾ. ಮೊದಲ ಸಲ ಹೋಗೋರು ಜನಜಂಗುಳಿ ಇಲ್ಲದ ಟೈಮಲ್ಲಿ ಹೋಗೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಸೆಪ್ಟೆಂಬರ್ ಅಕ್ಟೋಬರ್ ಕಡೆ ಬರೋ ಶರತ್ಕಾಲದ ಹುಣ್ಣಿಮೆ ಹಬ್ಬವೂ ಚೆಂದ, ಬೇಕರಿ ತುಂಬಾ ಮೂನ್‌ಕೇಕ್. ಅದರೊಳಗೆ ಉಪ್ಪಲ್ಲಿ ಹಾಕಿದ ಮೊಟ್ಟೆಯ ಹಳದಿ ಇಡ್ತಾರೆ, ಮೊಟ್ಟೆ ತಿನ್ನದೋರು ಕೇಳಿ ತಗೊಳ್ಳಿ.

ಕಾರ್ಡ್ ನಡಿಯುತ್ತಾ?

ದೊಡ್ಡ ಹೋಟೆಲಲ್ಲಿ ನಡಿಯುತ್ತೆ. ಬೇಕರಿ, ತಳ್ಳುಗಾಡಿ, ತರಕಾರಿ ಅಂಗಡಿಗೆ ಸಣ್ಣ ನೋಟು ಇಟ್ಕೊಳ್ಳಿ, ಅಮೆರಿಕದಲ್ಲೂ ಅಷ್ಟೇ.

## ಊಟದ ಪ್ರಶ್ನೆಗಳು

ಅಕ್ಕ ನಾವು ಪ್ಯೂರ್ ವೆಜ್, ಅಲ್ಲಿ ಉಪವಾಸ ಇರ್ಬೇಕಾ?

ಅತಿ ಹೆಚ್ಚು ಜನ ಕೇಳೋ ಪ್ರಶ್ನೆ ಇದೇ. ಉಪವಾಸ ಇರ್ಬೇಕಾಗಿಲ್ಲ, ಆದ್ರೆ ಮಾಮೂಲಿ ಹೋಟೆಲಿಗೆ ನುಗ್ಗಿ ನೋ ಮೀಟ್ ಅಂದ್ರೆ ಸಾಲದು. ಅವರ ಲೆಕ್ಕದಲ್ಲಿ ಮಾಂಸದ ತುಂಡು ಕಾಣ್ದಿದ್ರೆ ಅದು ತರಕಾರಿ ಅಡುಗೆ. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಅನ್ನೋ ಚಿಪ್ಪುಮೀನಿನ ಸಾಸ್ ಹಾಕಿರ್ತಾರೆ, ಸೂಪಿನ ನೀರೇ ಕೋಳಿ ಅಥವಾ ಹಂದಿ ಮೂಳೆದು, ಮಾಪೋ ತೋಫು ಅಂದ್ರೆ ಅದರಲ್ಲಿ ಕೊಚ್ಚಿದ ಮಾಂಸ ಇರೋದು ಮಾಮೂಲು, ಮೂಲಂಗಿ ಕೇಕ್ ಅಂತ ಹೆಸರು ಕೇಳಿ ಖುಷಿಪಟ್ರೆ ಅದರೊಳಗೆ ಒಣ ಸೀಗಡಿ ಸಾಸೇಜು ಎರಡೂ ಇರುತ್ತೆ, ಎಗ್ ಟಾರ್ಟ್ ತರದ ಬೇಕರಿ ಐಟಂಗಳ ಪದರಕ್ಕೆ ಹಂದಿ ಕೊಬ್ಬು ಬಳಸೋ ಪದ್ಧತಿ ಹಳೇದು. ಹೇಳದೇ ಕೊಟ್ರೆ ಮೋಸ ಅನ್ಕೋಬೇಡಿ, ಅವರ ಅಡುಗೆ ಇರೋದೇ ಹಾಗೆ.

ದಾರಿ ಏನಪ್ಪಾ ಅಂದ್ರೆ ಬೌದ್ಧ ವೆಜಿಟೇರಿಯನ್ ಹೋಟೆಲ್ ಹುಡುಕಿ. ದೊಡ್ಡ ಚೈನಾಟೌನಲ್ಲಿ ಸಾಮಾನ್ಯವಾಗಿ ಒಂದಾದ್ರೂ ಸಿಗುತ್ತೆ. ಅಲ್ಲಿ ಬಾತುಕೋಳಿ, ಮೀನು ಅಂತ ಮೆನುವಲ್ಲಿ ಬರೆದಿದ್ರೂ ಗಾಬರಿ ಬೇಡ, ಸೋಯಾದಲ್ಲೋ ಗೋಧಿ ಗ್ಲೂಟನ್‌ನಲ್ಲೋ ಮಾಡಿರ್ತಾರೆ. ಸಿಂಗಾಪುರದಲ್ಲಿ ಬುದ್ಧ ಟೂತ್ ರೆಲಿಕ್ ದೇವಸ್ಥಾನದ ಬೇಸ್‌ಮೆಂಟಲ್ಲೇ ವೆಜ್ ಊಟ ಸಿಗುತ್ತೆ. ಬ್ಯಾಂಕಾಕಿಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಸುಮಾರಿಗೆ ಹೋದ್ರೆ ನಿಮ್ಮ ಅದೃಷ್ಟ, ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಅಲ್ಲಿ ಶಾಕಾಹಾರದ ಹಬ್ಬ, ಯಾವೊರಾತ್ ಪೂರ್ತಿ ಹಳದಿ ಬಾವುಟ, ಬಾವುಟ ಇದ್ದ ಗಾಡೀಲಿ ಮಾಂಸ ಮೊಟ್ಟೆ ಹಾಲು ಯಾವ್ದೂ ಇರಲ್ಲ. ಮಿಕ್ಕ ದಿನಗಳಲ್ಲೂ ತಿಂಗಳಿನ ಮೊದಲ ದಿನ, ಹದಿನೈದನೇ ದಿನ ಎಷ್ಟೋ ಬೌದ್ಧರು ಮಾಂಸ ಮುಟ್ಟಲ್ಲ, ಅಂದ್ರೆ ನಮ್ಮ ಅಮಾವಾಸ್ಯೆ ಹುಣ್ಣಿಮೆ ಆಸುಪಾಸು, ಆಗ ವೆಜ್ ಹೋಟೆಲ್‌ಗಳು ತುಂಬಿರ್ತವೆ.

ಇನ್ನೊಂದು ಕೆಲಸ ಮಾಡಿ. ಮಾಂಸ, ಮೀನು, ಮೊಟ್ಟೆ, ಆಯ್ಸ್ಟರ್ ಸಾಸ್, ಹಂದಿ ಕೊಬ್ಬು ಯಾವ್ದೂ ಬೇಡ ಅಂತ ಚೀನೀ ಲಿಪೀಲಿ ಬರೆಸ್ಕೊಂಡು ಫೋನಲ್ಲಿ ಇಟ್ಕೊಳ್ಳಿ. ಮಾತಾಡೋ ಭಾಷೆ ಬೇರೆ ಬೇರೆ ಆದ್ರೂ ಚೀನೀ ಓದೋಕೆ ಬರೋರೆಲ್ಲ ಆ ಬರಹ ಓದ್ತಾರೆ.

ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ ನಮ್ಮತ್ತೆ, ಅವರಿಗೆ?

ನಿಮ್ಮತ್ತೆಗೆ ನಿಮಗಿಂತ ಸುಲಭ. ಚೀನೀ ಬೌದ್ಧ ದೇವಸ್ಥಾನದ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಜಾತಿಯ ಘಾಟಿನ ಪದಾರ್ಥ ಹಾಕೋದೇ ಇಲ್ಲ. ನಮ್ಮ ಮಠದ ಊಟ ಮಾಡಿ ಅಭ್ಯಾಸ ಇರೋರಿಗೆ ಅದು ಬೇಗ ಹಿಡಿಸುತ್ತೆ. ದೇವಸ್ಥಾನಕ್ಕೆ ಅಂಟಿಕೊಂಡಿರೋ ಊಟದ ಮನೇಲೇ ಕೇಳಿ ನೋಡಿ.

ಡಿಮ್ ಸಮ್ ಹೋಟೆಲಲ್ಲಿ ಗಾಡಿ ತಳ್ಕೊಂಡು ಬರ್ತಾರಂತೆ, ಹೇಗೆ ತಗೋಬೇಕು?

ಡಿಮ್ ಸಮ್ ಅಂದ್ರೆ ಟೀ ಜೊತೆ ತಿನ್ನೋ ಸಣ್ಣ ಸಣ್ಣ ತಿಂಡಿಗಳು. ಮೊದಲು ಯಾವ ಟೀ ಅಂತ ಕೇಳ್ತಾರೆ, ಅದು ಬಂದ್ಮೇಲೆ ಬಿದಿರಿನ ಬುಟ್ಟಿಗಳ ಗಾಡಿ ಬರುತ್ತೆ, ಮುಚ್ಚಳ ತೆಗೆದು ತೋರಿಸ್ತಾರೆ, ಬೇಕಾದ್ದನ್ನ ಕೈ ತೋರಿಸಿ ತಗೊಳ್ಳಿ, ಟೇಬಲ್ ಮೇಲಿರೋ ಚೀಟಿಗೆ ಸೀಲ್ ಹೊಡೀತಾರೆ. ಈಗ ಎಷ್ಟೋ ಕಡೆ ಗಾಡಿ ಹೋಗಿ ಪೆನ್ಸಿಲಲ್ಲಿ ಟಿಕ್ ಹಾಕೋ ಪೇಪರ್ ಬಂದಿದೆ. ಟೀ ಖಾಲಿಯಾದ್ರೆ ಯಾರನ್ನೂ ಕೂಗ್ಬೇಡಿ, ಕೆಟಲ್ ಮುಚ್ಚಳ ಓರೆ ಮಾಡಿಟ್ರೆ ಸಾಕು, ತುಂಬಿಸ್ಕೊಂಡು ಬರ್ತಾರೆ. ಪಕ್ಕದೋರು ನಿಮ್ಮ ಬಟ್ಟಲಿಗೆ ಟೀ ಹಾಕಿದ್ರೆ ಎರಡು ಬೆರಳಲ್ಲಿ ಟೇಬಲ್ ಮೆತ್ತಗೆ ತಟ್ಟಿ, ಅದೇ ಥ್ಯಾಂಕ್ಸ್. ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ, ಸತ್ತೋರಿಗೆ ಎಡೆ ಇಟ್ಟಂಗೆ ಆಗುತ್ತೆ. ಹಾರ್ ಗಾವ್ ಅಂದ್ರೆ ಸೀಗಡಿ, ಸಿಯು ಮಾಯ್ ಅಂದ್ರೆ ಹಂದಿ ಜೊತೆ ಸೀಗಡಿ, ಬೆಳ್ಳಗೆ ಉಬ್ಬಿರೋ ಬಾವ್ ಒಳಗೆ ಸಾಮಾನ್ಯವಾಗಿ ಹಂದಿ, ದನದ ಮಾಂಸದ ಉಂಡೆಯೂ ಇರುತ್ತೆ. ಹನ್ನೊಂದು ಗಂಟೆ ಒಳಗೆ ಹೋಗಿ, ಭಾನುವಾರ ಆದ್ರೆ ಇನ್ನೂ ಮುಂಚೆ, ಯಾಕಂದ್ರೆ ಅಜ್ಜಿ ತಾತ ಮೊಮ್ಮಕ್ಕಳು ಸಮೇತ ಇಡೀ ಕುಟುಂಬ ಬಂದು ದುಂಡು ಟೇಬಲ್ ಹಿಡಿದ್ರೆ ಬೇಗ ಏಳಲ್ಲ, ಏಳೋದೂ ಬೇಡ, ಆ ಊಟ ಇರೋದೇ ಅದಕ್ಕೆ.

ಅಲ್ಲಿ ಗೋಬಿ ಮಂಚೂರಿ ಸಿಗುತ್ತಾ? ಮಕ್ಕಳು ಅದನ್ನೇ ಕೇಳ್ತಾರೆ

ಹೊರದೇಶದ ಚೈನಾಟೌನಲ್ಲಿ ಸಾಮಾನ್ಯವಾಗಿ ಸಿಗಲ್ಲ. ಅದು ಹುಟ್ಟಿದ್ದು ನಮ್ಮ ದೇಶದಲ್ಲಿ. ಕಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರು ನೆಲ್ಸನ್ ವಾಂಗ್, 1975ರಲ್ಲಿ ಬಾಂಬೆಯ ಕ್ರಿಕೆಟ್ ಕ್ಲಬ್ಬಲ್ಲಿ ಶುಂಠಿ ಬೆಳ್ಳುಳ್ಳಿ ಹಸಿಮೆಣಸಿಗೆ ಸೋಯಾ ಸಾಸು ಕಾರ್ನ್ ಫ್ಲೋರ್ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದ್ರು ಅಂತ ಹೇಳ್ತಾರೆ. ಆಮೇಲೆ ಚಿಕನ್ ಜಾಗಕ್ಕೆ ಹೂಕೋಸು ಬಂತು, ನಮ್ಮ ಕರ್ನಾಟಕದಲ್ಲಿ ಗಾಡಿ ಗಾಡೀಲೂ ಅದೇ ಆಯ್ತು, ಎಷ್ಟರ ಮಟ್ಟಿಗೆ ಅಂದ್ರೆ 2024ರ ಮಾರ್ಚಲ್ಲಿ ಸರ್ಕಾರವೇ ಮುಂದೆ ಬಂದು ಗೋಬಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡ್ಬೇಕಾಯ್ತು. ಹೊರದೇಶದಲ್ಲಿ ಈ ರುಚಿ ಬೇಕೇ ಬೇಕು ಅಂದ್ರೆ ಟೊರಾಂಟೊ ಕಡೆ ಹಕ್ಕಾ ಹೋಟೆಲ್ ಹುಡುಕಿ. ಕಲ್ಕತ್ತಾದಲ್ಲಿದ್ದ ಹಕ್ಕಾ ಅನ್ನೋ ಚೀನೀ ಸಮುದಾಯದ ಕುಟುಂಬಗಳು ಅಲ್ಲಿಗೆ ಹೋಗಿ ನೆಲೆಸಿವೆ, ಚಿಲ್ಲಿ ಚಿಕನ್, ಮಂಚೂರಿಯನ್ ಎರಡೂ ಅವರ ಜೊತೆ ಹೋಗಿವೆ.

## ಅಲ್ಲಿ ಹೇಗಿರಬೇಕು

ಅವರ ದೇವಸ್ಥಾನದೊಳಗೆ ನಮ್ಮನ್ನ ಬಿಡ್ತಾರಾ, ನಾವೂ ಪೂಜೆ ಮಾಡ್ಬಹುದಾ?

ಬಿಡ್ತಾರೆ. ನಮ್ಮ ಜನಕ್ಕೆ ಅಲ್ಲಿ ಅಪರಿಚಿತ ಅನ್ನಿಸೋದು ಕಮ್ಮಿ. ಹೊಸ್ತಿಲು ಎತ್ತರ ಇರುತ್ತೆ, ತುಳೀಬಾರದು, ದಾಟಬೇಕು, ಇದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಬಿಡೋ ಪದ್ಧತಿ ಸಾಮಾನ್ಯವಾಗಿ ಇಲ್ಲ, ಥಾಯ್ ದೇವಸ್ಥಾನದಲ್ಲಿ ಮಾತ್ರ ಬಿಡ್ಬೇಕು. ಮೂರು ಊದುಬತ್ತಿ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿ, ಬೂದಿ ತುಂಬಿದ ದೊಡ್ಡ ಪಾತ್ರೇಲಿ ಚುಚ್ಚೋದು, ನೀವೂ ಮಾಡ್ಬಹುದು, ಡಬ್ಬಿಗೆ ಸ್ವಲ್ಪ ಕಾಣಿಕೆ ಹಾಕಿ. ಬಿದಿರಿನ ಕೊಳವೇಲಿ ನಂಬರ್ ಬರೆದ ಕಡ್ಡಿಗಳಿರ್ತವೆ, ಮಂಡಿಯೂರಿ ಮನಸ್ಸಲ್ಲಿ ಪ್ರಶ್ನೆ ಇಟ್ಕೊಂಡು ಜಲಜಲ ಅಂತ ಅಲ್ಲಾಡಿಸ್ತಾರೆ, ಒಂದೇ ಕಡ್ಡಿ ಹೊರಗೆ ಬೀಳೋ ತನಕ. ಬಿದ್ದ ನಂಬರಿನ ಚೀಟೀಲಿ ಉತ್ತರ ಇರುತ್ತೆ. ನಮ್ಮಲ್ಲಿ ಹೂವಿನ ಪ್ರಸಾದ ಕೇಳೋದನ್ನ ನೋಡಿದೋರಿಗೆ ಆ ಮುಖಗಳಲ್ಲಿರೋ ಆತಂಕ ತಕ್ಷಣ ಅರ್ಥ ಆಗುತ್ತೆ.

ದೇವರ ವಿಷಯ ಹೇಳ್ಬೇಕು ಅಂದ್ರೆ ಕೆಂಪು ಮುಖ, ಉದ್ದ ಗಡ್ಡ ಇದ್ರೆ ಗುವಾನ್ ಯು, ಮಾತಿಗೆ ತಪ್ಪದ ಯೋಧ, ವ್ಯಾಪಾರಸ್ಥರಿಗೆ ಇಷ್ಟದ ದೇವರು. ಬಂದರು ಊರುಗಳಲ್ಲಿ ಮಾಜು ಅನ್ನೋ ಸಮುದ್ರ ದೇವತೆ, ಹಡಗಲ್ಲಿ ಬಂದೋರು ಜೀವ ಉಳೀತು ಅಂತ ಮೊದಲು ಕಟ್ಟಿದ್ದು ಅವಳ ಗುಡಿ. ಸ್ಯಾನ್ ಫ್ರಾನ್ಸಿಸ್ಕೋದ ವೇವರ್ಲಿ ಪ್ಲೇಸಲ್ಲಿ ಇವಳದ್ದೇ ತಿನ್ ಹಾವ್ ದೇವಸ್ಥಾನ ಇದೆ, ಕಟ್ಟಡದ ಕೊನೇ ಮಹಡೀಲಿ. ಮಂಡಿ ನೋವಿದ್ರೂ ನಿಧಾನಕ್ಕೆ ಹತ್ತಿ ಅಂತಲೇ ನಾನು ಹೇಳೋದು.

ಫೋಟೋ ತೆಗೆದ್ರೆ ಬೈತಾರಾ?

ಕಟ್ಟಡ, ಬೋರ್ಡು, ತಿಂಡಿ ಎಷ್ಟು ಬೇಕಾದ್ರೂ ತೆಗೀರಿ. ಪ್ರಾರ್ಥನೆ ಮಾಡ್ತಿರೋರು, ಪಾರ್ಕಲ್ಲಿ ಇಸ್ಪೀಟ್ ಆಡೋ ಹಿರಿಯರ ಮುಖಕ್ಕೆ ಫೋನ್ ಹಿಡೀಬೇಡಿ. ನಮ್ಮ ಮನೆ ಜಗುಲಿ ಮೇಲೆ ಕೂತಿರೋ ತಾತನ ಫೋಟೋ ಯಾರೋ ಹೇಳದೇ ಕೇಳದೇ ತೆಗೆದ್ರೆ ನಮಗೂ ಹಿಡಿಸಲ್ಲ.

## ಊರಿಂದ ಊರಿಗೆ

ಇಂಡಿಯಾದಲ್ಲೇ ಚೈನಾಟೌನ್ ಇದೆಯಂತಲ್ಲ, ಕಲ್ಕತ್ತಾದಲ್ಲಿ, ಹೋಗೋದು ವರ್ತ್ ಇದ್ಯಾ?

ಖಂಡಿತ ಇದೆ. ವಿಮಾನ ಹತ್ತಿ ಫಾರಿನ್‌ಗೆ ಹೋಗೋ ಮೊದಲು ಇದನ್ನೇ ನೋಡಿ ಅಂತೀನಿ ನಾನು. ಅಲ್ಲಿ ಎರಡಿವೆ, ಹಳೇದು ಲಾಲ್‌ಬಜಾರ್ ಪೊಲೀಸ್ ಹೆಡ್‌ಕ್ವಾರ್ಟರ್ಸ್ ಹತ್ರದ ಟಿರೆಟ್ಟಾ ಬಜಾರ್, ಇನ್ನೊಂದು ಊರಿನ ಪೂರ್ವಕ್ಕೆ ಟ್ಯಾಂಗ್ರಾ.

ಕಥೆ ಶುರುವಾಗೋದು 18ನೇ ಶತಮಾನದ ಕೊನೇಲಿ. ಟಾಂಗ್ ಅಚ್ಯೂ ಅನ್ನೋ ವ್ಯಾಪಾರಿಗೆ ವಾರನ್ ಹೇಸ್ಟಿಂಗ್ಸ್ ಹೂಗ್ಲಿ ದಡದಲ್ಲಿ ಬಜ್‌ಬಜ್ ಹತ್ರ ಜಮೀನು ಕೊಟ್ಟ, ಅವನು ಸಕ್ಕರೆ ಮಿಲ್ ಹಾಕಿದ, ಆ ಊರಿಗೆ ಈಗ್ಲೂ ಅಚಿಪುರ್ ಅಂತಾನೇ ಹೆಸರು. ನದಿ ದಡದಲ್ಲಿ ಕೆಂಪು ಬಣ್ಣದ, ಕುದುರೆ ಲಾಳದ ಆಕಾರದ ಅವನ ಸಮಾಧಿ ಇದೆ, ಪ್ರತಿ ಹೊಸವರ್ಷಕ್ಕೆ ಕಲ್ಕತ್ತಾ ಚೀನೀಯರು ಅಲ್ಲಿಗೆ ಹೋಗಿ ಪೂಜೆ ಮಾಡ್ತಾರೆ. ಆಮೇಲೆ ಬಂದ ಕ್ಯಾಂಟೊನೀಸರು ಬಡಗಿ ಕೆಲಸ, ಹುಬೇಯಿಂದ ಬಂದೋರು ಹಲ್ಲಿನ ಡಾಕ್ಟರ್ ಕೆಲಸ, ಹಕ್ಕಾಗಳು ಚರ್ಮ ಹದ ಮಾಡೋ ಕೆಲಸ ಹಿಡಿದ್ರು. ಟ್ಯಾಂಗ್ರಾ ಅಂದ್ರೆ ಆ ಚರ್ಮದ ಕಾರ್ಖಾನೆಗಳ ಊರು.

1962ರ ಯುದ್ಧ ಬಂದಾಗ ನಮ್ಮ ಸರ್ಕಾರವೇ ಸುಮಾರು 3000 ಭಾರತೀಯ ಚೀನೀಯರನ್ನ, ಹೆಂಗಸರು ಮಕ್ಕಳು ಸೇರಿ, ಹೆಚ್ಚಾಗಿ ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಯೋರನ್ನ, ಹಿಡಿದು ರಾಜಸ್ಥಾನದ ದೇವಳಿ ಕ್ಯಾಂಪಿಗೆ ಕಳಿಸ್ತು, ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ರು. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಇಲ್ಲಿ, ಚೀನಾ ಕಣ್ಣಲ್ಲೂ ನೋಡಿರಲಿಲ್ಲ. ನಮ್ಮ ಶಾಲೆ ಪಾಠದಲ್ಲಿ ಇದನ್ನ ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡಬೇಕಿತ್ತು. ಆಮೇಲೆ ಜನ ಕೆನಡಾ, ಆಸ್ಟ್ರೇಲಿಯಾ ಕಡೆ ಹೊರಟ್ರು. 1990ರ ದಶಕದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು ಚರ್ಮದ ಕಾರ್ಖಾನೆಗಳು ಊರಾಚೆಯ ಬಾಂತಲಾಕ್ಕೆ ಹೋಗ್ಬೇಕಾಯ್ತು, ಟ್ಯಾಂಗ್ರಾದ ಎಷ್ಟೋ ಶೆಡ್‌ಗಳು ಹೋಟೆಲ್ ಆದ್ವು.

ನೋಡೋಕೆ ಭಾನುವಾರ ಬೆಳಗ್ಗೆ ಆರು ಗಂಟೆಗೆ ಟಿರೆಟ್ಟಾದಲ್ಲಿರಿ. ಪೋದ್ದಾರ್ ಕೋರ್ಟ್ ಹಿಂದೆ ರಸ್ತೆ ಬದಿಗೆ ಅಲ್ಯೂಮಿನಿಯಂ ಡಬರಿಗಳು ಸಾಲಾಗಿ ಹೊಗೆಯಾಡ್ತಿರ್ತವೆ, ಮೀನಿನ ಉಂಡೆ ಸೂಪು, ಬಾವ್, ಮೋಮೋ. ವೆಜ್‌ನೋರಿಗೆ ಅಲ್ಲಿ ಹೆಚ್ಚೇನೂ ಸಿಗಲ್ಲ, ಆದ್ರೂ ಹೋಗಿ. ಎಂಟೂವರೆ ಅಷ್ಟೊತ್ತಿಗೆ ಮುಗಿದು ಮಾಮೂಲಿ ಬಜಾರ್ ಆಗಿಬಿಡುತ್ತೆ. ಹತ್ರದಲ್ಲೇ ಸೀ ಇಪ್, ಟೂಂಗ್ ಆನ್ ಅಂತ ಚರ್ಚ್ ಅನ್ನೋ ಬೋರ್ಡಿರೋ ಕಟ್ಟಡಗಳಿವೆ, ಒಳಗೆ ಏಸು ಇಲ್ಲ, ಚೀನೀ ದೇವರುಗಳೇ. ಟ್ಯಾಂಗ್ರಾಕ್ಕೆ ಹೋದ್ರೆ ಚೀನೀ ಕಾಳಿ ಮಂದಿರ ಇದೆ, ಅಲ್ಲಿ ಕಾಳಿಗೆ ನೂಡಲ್ಸ್ ನೈವೇದ್ಯ.

ಸಿಂಗಾಪುರದಲ್ಲಿ ಇರೋರೆಲ್ಲ ಚೀನೀಯರೇ, ಮತ್ತೆ ಬೇರೆ ಚೈನಾಟೌನ್ ಯಾಕೆ?

ಬ್ರಿಟಿಷರ ಪ್ಲಾನ್ ಅದು. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಊರಿನ ನಕ್ಷೆ ಮಾಡಿಸುವಾಗ ಚೀನೀಯರು ಇಲ್ಲಿ, ಭಾರತೀಯರು ಅಲ್ಲಿ, ಅರಬ್ಬರು ಮಲಯರು ಮತ್ತೊಂದು ಕಡೆ ಅಂತ ಗೆರೆ ಎಳೆಸಿದ. ಗೆರೆ ಎಳೆದಂಗೆ ಜನ ಬದುಕಲಿಲ್ಲ ಅನ್ನೋದೇ ಚೆಂದ. ಚೈನಾಟೌನ್ ಮಧ್ಯದ ಸೌತ್ ಬ್ರಿಡ್ಜ್ ರೋಡಲ್ಲಿ ಸಿಂಗಾಪುರದ ಅತಿ ಹಳೇ ಹಿಂದೂ ದೇವಸ್ಥಾನ ಶ್ರೀ ಮಾರಿಯಮ್ಮನ್ ಗುಡಿ ಇದೆ, 1827ರಲ್ಲಿ ಶುರುವಾದ್ದು, ಪಕ್ಕದ ಪಗೋಡಾ ಸ್ಟ್ರೀಟಿಗೆ ಹೆಸರು ಬಂದಿರೋದು ಈ ಗುಡಿಯ ಗೋಪುರದಿಂದ. ಅದೇ ರಸ್ತೇಲಿ ಜಾಮೆ ಮಸೀದಿ. ಚೈನಾಟೌನ್ ಕಾಂಪ್ಲೆಕ್ಸ್ ಮೇಲಿನ ಫುಡ್ ಸೆಂಟರಲ್ಲಿ 200ಕ್ಕೂ ಜಾಸ್ತಿ ಅಂಗಡಿ, ಕೆಳಗೆ ಹಸಿ ತರಕಾರಿ ಮೀನಿನ ಮಾರ್ಕೆಟ್, ಕಟ್ಟೆ ಮೇಲೆ ಹಿರಿಯರ ಚದುರಂಗ. ಬೆಳಗ್ಗೆ ಅಲ್ಲಿಂದ ಶುರು ಮಾಡಿ ಮಾರಿಯಮ್ಮನ ಗುಡೀಲಿ ಮುಗಿಸಿ.

ಬ್ಯಾಂಕಾಕಲ್ಲಿ ಹಗಲು ಹೊತ್ತು ಏನು ನೋಡೋದು?

ಸಾಂಪೆಂಗ್ ಗಲ್ಲಿ. 1782ರಲ್ಲಿ ಅಲ್ಲಿನ ರಾಜ ಒಂದನೇ ರಾಮ ಅರಮನೆ ಕಟ್ಟೋಕೆ ಜಾಗ ಬೇಕು ಅಂತ ಅಲ್ಲಿದ್ದ ಚೀನೀಯರನ್ನ ಕಳಿಸಿದ್ದು ಇಲ್ಲಿಗೆ. ನಮ್ಮ ಚಿಕ್ಕಪೇಟೆಗೆ ಹೋಗಿ ಬರೋರಿಗೆ ಕಷ್ಟ ಆಗಲ್ಲ, ಗುಂಡಿ, ರಿಬ್ಬನ್, ಬಟ್ಟೆ, ಮಧ್ಯದಲ್ಲೇ ಬೈಕು. ಗಲ್ಲಿ ಕೊನೆ ತನಕ ನಡೆದ್ರೆ ಫಾಹುರಾತ್, ಅದು ಲಿಟಲ್ ಇಂಡಿಯಾ, ಹಸಿವಾಗಿದ್ರೆ ಅಲ್ಲೇ ನಮ್ಮ ಊಟ ಸಿಗುತ್ತೆ. ಈ ಕಡೆ ವಾಟ್ ತ್ರೈಮಿತ್‌ನಲ್ಲಿ 5.5 ಟನ್ನಿನ ಚಿನ್ನದ ಬುದ್ಧ, ಮೇಲೆ ಗಾರೆ ಮೆತ್ತಿ ಮುಚ್ಚಿಟ್ಟಿದ್ರು, 1955ರಲ್ಲಿ ಸ್ಥಳಾಂತರ ಮಾಡುವಾಗ ಗಾರೆ ಒಡೆದು ಚಿನ್ನ ಕಾಣ್ತು. ಮೆಟ್ರೋ ವಾಟ್ ಮಾಂಗ್‌ಕಾನ್ ಸ್ಟೇಷನಲ್ಲಿ ಇಳೀಬಹುದು.

ನ್ಯೂಯಾರ್ಕಲ್ಲಿ ಮಗಳ ಮನೇಲಿದೀವಿ, ಮ್ಯಾನ್‌ಹಟನ್ ಚೈನಾಟೌನಾ ಫ್ಲಶಿಂಗಾ?

ಒಂದೇ ಆಯ್ಕೆ ಅಂದ್ರೆ ಫ್ಲಶಿಂಗ್, ಅದೇ ಊರಿನ ಕ್ವೀನ್ಸ್ ಕಡೆಯ ಚೈನಾಟೌನ್. ಮ್ಯಾನ್‌ಹಟನ್‌ನದು 19ನೇ ಶತಮಾನದ್ದು, ಮಾಟ್ ಸ್ಟ್ರೀಟು, ಬಳುಕಿರೋ ಡಾಯರ್ಸ್ ಸ್ಟ್ರೀಟು, ಕೊಲಂಬಸ್ ಪಾರ್ಕಲ್ಲಿ ಪಿಟೀಲು ನುಡಿಸೋ ಹಿರಿಯರು, ಚರಿತ್ರೆ ಇಷ್ಟ ಇರೋರಿಗೆ ಅದು. ಫ್ಲಶಿಂಗ್ 1970ರ ದಶಕದಿಂದ ತೈವಾನಿಗಳು ಬಂದು ಬೆಳೆಸಿದ್ದು, ಈಗ ಚೀನಾದ ಬೇರೆ ಬೇರೆ ಪ್ರಾಂತ್ಯದ ಅಡುಗೆ ಒಂದೇ ಕಡೆ ಸಿಗುತ್ತೆ. 7 ನಂಬರ್ ಟ್ರೈನ್ ಕೊನೇ ಸ್ಟಾಪ್. ಇನ್ನೊಂದು ಕಾರಣ, ಅಲ್ಲೇ ಬೌನ್ ಸ್ಟ್ರೀಟಲ್ಲಿ ಗಣೇಶ ದೇವಸ್ಥಾನ ಇದೆ, 1977ರದ್ದು, ಕೆಳಗಡೆ ಕ್ಯಾಂಟೀನಲ್ಲಿ ದೋಸೆ ಇಡ್ಲಿ. ಬೆಳಗ್ಗೆ ಗಣಪತಿ ದರ್ಶನ, ದೋಸೆ, ಆಮೇಲೆ ಮೇನ್ ಸ್ಟ್ರೀಟಿಗೆ ನಡ್ಕೊಂಡು ಹೋದ್ರೆ ವಯಸ್ಸಾದೋರಿಗೂ ಊಟದ ಚಿಂತೆ ಇರಲ್ಲ.

## ಸ್ವಲ್ಪ ಒಳಹೊಕ್ಕು ನೋಡೋರಿಗೆ

ಚೀನೀಯರು ಯಾಕೆ ಯಾವಾಗ್ಲೂ ಒಂದೇ ಕಡೆ ಗುಂಪಾಗಿರ್ತಾರೆ, ಬೇರೆಯೋರ ಜೊತೆ ಬೆರೆಯಲ್ವಾ?

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ, ಕೇಳಿದೋರ ಮೇಲಲ್ಲ, ಕಥೆ ಹೀಗೆ ಹಬ್ಬಿರೋದಕ್ಕೆ. ಬಹಳ ಕಡೆ ಅವರಿಗೆ ಬೇರೆ ದಾರಿ ಇರಲಿಲ್ಲ. ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರು ಬರೋದನ್ನೇ ನಿಷೇಧಿಸ್ತು, 1943ರ ತನಕ ಹೊರಗಿಂದ ಬಂದ ಚೀನೀಯರಿಗೆ ಅಲ್ಲಿನ ಪೌರತ್ವ ಪಡೆಯೋಕೂ ಆಗ್ತಿರಲಿಲ್ಲ. ಕೆನಡಾ 1885ರಿಂದ ತಲೆಗಂದಾಯ ಹಾಕಿ 1903ಕ್ಕೆ ಅದನ್ನ 500 ಡಾಲರಿಗೆ ಏರಿಸ್ತು, 1923ರಲ್ಲಿ ಬಾಗ್ಲೇ ಮುಚ್ಚಿಬಿಡ್ತು, ಕ್ಷಮೆ ಕೇಳಿದ್ದು 2006ರಲ್ಲಿ. ಜಕಾರ್ತಾದಲ್ಲಿ 1740ರಲ್ಲಿ ಡಚ್ಚರ ಆಳ್ವಿಕೇಲಿ ಸಾವಿರಾರು ಚೀನೀಯರ ಹತ್ಯೆ ಆಯ್ತು, ಉಳಿದೋರನ್ನ ಕೋಟೆ ಹೊರಗೆ ಇಟ್ಟ ಜಾಗವೇ ಇವತ್ತಿನ ಗ್ಲೊಡೊಕ್. ಆಮೇಲೆ ಇಂಡೋನೇಷ್ಯಾ ಆಳಿದ ಸುಹಾರ್ತೊ 1967ರಲ್ಲಿ ಚೀನೀ ಹಬ್ಬಗಳನ್ನ ಬೀದೀಲಿ ಆಚರಿಸೋ ಹಾಗಿಲ್ಲ ಅಂದ, ಅದು ರದ್ದಾಗಿದ್ದು 2000ದಲ್ಲಿ. ಮನೆ ಬಾಡಿಗೆಗೆ ಕೊಡೋರಿಲ್ಲ, ಕೆಲಸ ಕೊಡೋರಿಲ್ಲ, ಹೆಂಡತೀನ ಕರೆಸ್ಕೊಳ್ಳೋಕೆ ಕಾನೂನಿಲ್ಲ ಅಂದ್ರೆ ಮನುಷ್ಯ ತನ್ನ ಊರೋರ ಹತ್ರ ಹೋಗ್ತಾನೆ.

ಸ್ಯಾನ್ ಫ್ರಾನ್ಸಿಸ್ಕೋದ ಆ ಪಗೋಡಾ ಕಟ್ಟಡಗಳು ನಿಜವಾಗ್ಲೂ ಹಳೇ ಚೀನೀ ಶೈಲಿನಾ?

ಚೀನಾದ್ದಲ್ಲ, ಅಲ್ಲೇ ಹುಟ್ಟಿದ ಶೈಲಿ, ಅದರ ಹಿಂದಿನ ಬುದ್ಧಿವಂತಿಕೆ ತಿಳ್ಕೊಂಡ್ರೆ ಕಟ್ಟಡದ ಮೇಲಿನ ಗೌರವ ಜಾಸ್ತಿ ಆಗುತ್ತೆ. 1906ರ ಏಪ್ರಿಲ್ 18ರ ಭೂಕಂಪ, ಅದರ ಹಿಂದೆ ಬಂದ ಬೆಂಕೀಲಿ ಇಡೀ ಚೈನಾಟೌನ್ ಬೂದಿಯಾಯ್ತು. ಊರಿನ ದೊಡ್ಡೋರಿಗೆ ಒಳ್ಳೇ ಅವಕಾಶ ಕಂಡ್ತು, ಈ ಬೆಲೆಬಾಳೋ ಜಾಗದಿಂದ ಚೀನೀಯರನ್ನ ಊರಾಚೆಯ ಹಂಟರ್ಸ್ ಪಾಯಿಂಟಿಗೆ ಎತ್ತಂಗಡಿ ಮಾಡೋಣ ಅಂದ್ರು. ಲುಕ್ ತಿನ್ ಎಲಿ ಅನ್ನೋ ವ್ಯಾಪಾರಿ ಮತ್ತು ಅವರ ಜೊತೆಯೋರು ಒಂದು ಲೆಕ್ಕ ಹಾಕಿದ್ರು, ಜನ ದುಡ್ಡು ಕೊಟ್ಟು ನೋಡೋಕೆ ಬರೋ ಹಂಗೆ ಊರು ಕಟ್ಟಿದ್ರೆ ಯಾರೂ ಎಬ್ಬಿಸಲ್ಲ. ಅಮೆರಿಕದ ಬಿಳಿ ಆರ್ಕಿಟೆಕ್ಟ್‌ಗಳನ್ನೇ ಹಿಡಿದು ಮಾಮೂಲಿ ಇಟ್ಟಿಗೆ ಕಟ್ಟಡದ ತಲೆ ಮೇಲೆ ಬಾಗಿದ ಸೂರು, ಗೋಪುರ, ಕೆಂಪು ಹಸಿರು ಬಣ್ಣ ಕೂರಿಸಿದ್ರು. ಗ್ರಾಂಟ್ ಮತ್ತು ಕ್ಯಾಲಿಫೋರ್ನಿಯಾ ಸ್ಟ್ರೀಟ್ ಮೂಲೇಲಿ ನಿಂತು ಸಿಂಗ್ ಚಾಂಗ್, ಸಿಂಗ್ ಫ್ಯಾಟ್ ಕಟ್ಟಡಗಳನ್ನ ನೋಡಿ, ಕೆಳಗಿನ ಮಹಡಿಗಳು ಬೇರೆ ಯಾವ ಅಮೆರಿಕನ್ ಕಟ್ಟಡದ ಹಂಗೇ ಇವೆ, ಚೀನಾ ಇರೋದು ಮೇಲ್ಗಡೆ ಮಾತ್ರ. ಈ ಉಪಾಯದಿಂದ ಅವರ ಜಾಗ ಉಳೀತು. ಆಮೇಲೆ ಬೇರೆ ಊರಿನ ಚೈನಾಟೌನ್‌ಗಳೂ ಇದೇ ರೂಪ ಹಿಡಿದ್ವು. ಗೇಟ್ ಅಂತೂ ಇನ್ನೂ ಇತ್ತೀಚಿನದು, ಇಲ್ಲಿನ ಡ್ರ್ಯಾಗನ್ ಗೇಟ್ ಬಂದಿದ್ದು 1970ರಲ್ಲಿ.

ಅದೇ ಬೆಂಕೀಲಿ ಊರಿನ ಜನನ ದಾಖಲೆಗಳೂ ಸುಟ್ಟುಹೋದ್ವು. ನಾನು ಹುಟ್ಟಿದ್ದು ಇಲ್ಲೇ ಅಂತ ಹೇಳ್ಕೊಂಡ್ರೆ ಸುಳ್ಳು ಅಂತ ತೋರ್ಸೋಕೆ ಕಾಗದ ಇಲ್ಲ, ಹಾಗೆ ನಾಗರಿಕರಾದೋರು ಕಾಗದದ ಮೇಲಿನ ಮಕ್ಕಳನ್ನ, ಅಂದ್ರೆ ದಾಖಲೇಲಷ್ಟೇ ಮಕ್ಕಳು ಅಂತ ತೋರಿಸಿದೋರನ್ನ, ಚೀನಾದಿಂದ ಕರೆಸ್ಕೊಂಡ್ರು. ಅವರನ್ನ 1910ರಿಂದ 1940ರ ತನಕ ಅಲ್ಲೇ ಕೊಲ್ಲಿಯಲ್ಲಿರೋ ದ್ವೀಪ ಏಂಜೆಲ್ ಐಲ್ಯಾಂಡಲ್ಲಿ ಕೂಡಿ ಹಾಕಿ ನಿಮ್ಮ ಮನೆಗೆ ಎಷ್ಟು ಕಿಟಕಿ, ಪಕ್ಕದ ಮನೆಯೋರು ಯಾರು ಅಂತೆಲ್ಲ ಪ್ರಶ್ನೆ ಕೇಳ್ತಿದ್ರು. ಕಾಯ್ತಾ ಕೂತೋರು ಮರದ ಗೋಡೆ ಮೇಲೆ ಕೆತ್ತಿದ ಪದ್ಯಗಳು ಇವತ್ತೂ ಇವೆ, ದೋಣೀಲಿ ಹೋಗಿ ನೋಡ್ಬಹುದು. ಸಮಯ ಇದ್ರೆ ಗೋಲ್ಡನ್ ಗೇಟ್ ಸೇತುವೆಗೆ ಇಟ್ಕೊಂಡ ದಿನದಲ್ಲಿ ಅರ್ಧ ಇದಕ್ಕೆ ಕೊಡಿ.

ಮೇಲಿನ ಮಹಡೀಲಿ ದೊಡ್ಡ ದೊಡ್ಡ ಬೋರ್ಡು, ಬಾಲ್ಕನಿ, ಆದ್ರೆ ಬಾಗ್ಲು ಹಾಕಿರುತ್ತೆ, ಏನವು?

ಸಂಘಗಳು. ಒಂದೇ ಕುಲನಾಮದೋರದ್ದು, ಇಲ್ಲಾ ಒಂದೇ ಜಿಲ್ಲೆಯಿಂದ ಬಂದೋರದ್ದು. ಹಡಗಿಂದ ಇಳಿದೋನಿಗೆ ಮಲಗೋಕೆ ಜಾಗ, ಕೆಲಸ, ಸಾಲ, ಊರಿಗೆ ಕಾಗದ ಬರೆಯೋದು, ಸತ್ರೆ ಮೂಳೆ ಊರಿಗೆ ಕಳಿಸೋದು ಎಲ್ಲ ಇವರ ಜವಾಬ್ದಾರಿ. ಮುಂಬೈಗೆ ಹೋದ ನಮ್ಮ ಕರಾವಳಿಯೋರು ಸಂಘ ಕಟ್ಕೊಂಡಿದ್ದನ್ನ ನೋಡಿರೋರಿಗೆ ಇದು ಹೊಸದಲ್ಲ. ಒಳಗೆ ಹೋಗೋಕೆ ಸುಲಭವಾಗಿ ಸಿಗೋದು ಮಲೇಷ್ಯಾದ ಪೆನಾಂಗ್‌ನ ಜಾರ್ಜ್‌ಟೌನಲ್ಲಿರೋ ಖೂ ಕಾಂಗ್ಸಿ, ಟಿಕೆಟ್ ತಗೊಂಡು ನೋಡ್ಬಹುದು, ಸೂರಿನ ಮೇಲಿನ ಕೆತ್ತನೆ ನೋಡ್ತಾ ಕತ್ತು ನೋವು ಬರುತ್ತೆ.

ಎಲ್ಲಾ ಚೈನಾಟೌನಲ್ಲೂ ಮ್ಯಾಂಡರಿನ್ ತಾನೆ ಮಾತಾಡೋದು?

ಹಳೇ ಕಡೆಗಳಲ್ಲಿ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಂಟೊನೀಸ್ ಮತ್ತು ತಾಯ್‌ಶಾನ್ ಕಡೆ ಮಾತು, ಮನಿಲಾ ಪೆನಾಂಗಲ್ಲಿ ಹೊಕ್ಕಿಯೆನ್, ಬ್ಯಾಂಕಾಕಲ್ಲಿ ತಿಯೊಚ್ಯೂ, ಟ್ಯಾಂಗ್ರಾದಲ್ಲಿ ಹಕ್ಕಾ. ಪ್ಯಾರಿಸ್‌ನ 13ನೇ ವಾರ್ಡಿನದು ಇನ್ನೂ ಬೇರೆ, ಅಲ್ಲಿಗೆ ಬಂದೋರಲ್ಲಿ ತುಂಬಾ ಜನ 1975ರ ನಂತರ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಬಿಟ್ಟು ಓಡಿ ಬಂದ ಚೀನೀ ಮೂಲದೋರು. ಅಲ್ಲಿ ನೀವು ನಿರೀಕ್ಷೆ ಮಾಡೋ ಕೆಂಪು ಗೋಪುರ ಏನೂ ಸಿಗಲ್ಲ, ಬರೀ ಎತ್ತರದ ಅಪಾರ್ಟ್‌ಮೆಂಟ್, ಒಂದು ಬೌದ್ಧ ಗುಡಿಯಂತೂ ನೆಲದಡಿಯ ಪಾರ್ಕಿಂಗ್ ದಾರೀಲಿ ಇದೆ.

ಚೈನಾಟೌನ್‌ಗಳು ಒಂದೊಂದಾಗಿ ಮುಚ್ಚಿಹೋಗ್ತಿವೆ ಅಂತಾರಲ್ಲ, ನಿಜಾನಾ?

ಕೆಲವು ಕಡೆ ನಿಜ. ಊರಿನ ನಡುಮಧ್ಯದ ಜಾಗ, ಬಾಡಿಗೆ ಏರುತ್ತೆ, ಮಕ್ಕಳು ಓದಿ ಬೇರೆ ಕಡೆ ಮನೆ ಮಾಡ್ತಾರೆ. ವಾಷಿಂಗ್ಟನ್ ಡಿಸಿಯಲ್ಲಿ 1986ರಲ್ಲಿ ಭಾರೀ ಗೇಟ್ ಕಟ್ಟಿದ್ರು, 1997ರಲ್ಲಿ ಪಕ್ಕದಲ್ಲೇ ಸ್ಟೇಡಿಯಂ ಬಂತು, ಈಗ ಚೈನ್ ಅಂಗಡಿಗಳ ಹೆಸರು ಚೀನೀ ಅಕ್ಷರದಲ್ಲಿ ಬರೆದಿರುತ್ತೆ, ಅಲ್ಲಿ ಚೀನೀ ಕುಟುಂಬಗಳು ಉಳಿದಿರೋದು ಕೆಲವೇ ಕೆಲವು. ಗೇಟ್ ಇದೆ, ಊರಿಲ್ಲ. ಇನ್ನೊಂದು ಕಡೆ ಫ್ಲಶಿಂಗ್, ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕ್ ಕಡೆ ಹೊಸದಾಗಿ ಬೆಳೆದಿವೆ. ಜಗಳ ಆಡಿ ಉಳಿಸ್ಕೊಂಡಿರೋದೂ ಇದೆ. ಫಿಲಡೆಲ್ಫಿಯಾದಲ್ಲಿ ಚೈನಾಟೌನ್ ಅಂಚಿಗೇ ಬಾಸ್ಕೆಟ್‌ಬಾಲ್ ಸ್ಟೇಡಿಯಂ ಕಟ್ಟೋಕೆ ಹೊರಟಿದ್ರು, ಅಲ್ಲಿನೋರು ವರ್ಷಗಟ್ಟಲೆ ಬೀದಿಗಿಳಿದ್ರು, 2024ರ ಡಿಸೆಂಬರಲ್ಲಿ ಸಿಟಿ ಕೌನ್ಸಿಲ್ ಒಪ್ಪಿಗೆ ಕೊಟ್ಟಾಗ ಎಲ್ಲ ಮುಗೀತು ಅನ್ನಿಸ್ತು, 2025ರ ಜನವರೀಲಿ ಟೀಮೇ ಆ ಪ್ಲಾನ್ ಕೈಬಿಡ್ತು. ನಿಮ್ಮೋರು ನ್ಯೂಜೆರ್ಸಿ ಕಡೆ ಇದ್ರೆ ಒಂದು ಶನಿವಾರ ಹೋಗಿ ಬನ್ನಿ, ಟೆನ್ತ್ ಸ್ಟ್ರೀಟ್ ಮತ್ತು ಆರ್ಚ್ ಸ್ಟ್ರೀಟ್ ಸೇರೋ ಕಡೆ ಗೇಟ್ ಇದೆ, ಅಲ್ಲಿಂದ ರೇಸ್ ಸ್ಟ್ರೀಟ್ ಕಡೆ ನಡೀರಿ, ಬೇಕರಿಗಳಿರೋದು ಆ ಕಡೆ.